ಹಿಮದಲ್ಲಿ ಗುಂಡಿ ಬಿಚ್ಚಿದ ಹೀರೋ

ಕಾಲಿಗೆ ನೀರು ಕೊಟ್ಟಲ್ಲೇ ಸಂಬಂಧ ಮುರಿದುಬಿತ್ತು.

ಹೋದ ಭಾನುವಾರ ಗೆಳೆಯ ಮೈಲಾರಿಗೆ ಹೆಣ್ಣು ನೋಡಲು ಹಂದನಕೆರೆ ಕಡೆಯ ಹಟ್ಟಿಯೊಂದಕ್ಕೆ ಹೋಗಿದ್ದೆವು. ಮೈಲಾರಿ ಮಿಲಿಟರಿಯವನು. ಹಿಮದ ಬೆಟ್ಟದಲ್ಲಿ ಡ್ಯೂಟಿ. ಅಲ್ಲಿಯ ಚಳಿಗೆ ಎಡಗಾಲಿನ ಎರಡು ಬೆರಳು ಕಪ್ಪಾಗಿ, ಡಾಕ್ಟರು ಕತ್ತರಿಸಿದ್ದಾರೆ. ಬೂಟು ಹಾಕಿದರೆ ಗೊತ್ತಾಗುವುದಿಲ್ಲ.

ಆದರೆ ಬೂಟು ಹಾಕಿಕೊಂಡವರನ್ನು ನಮ್ಮ ಕಡೆ ಒಳಗೆ ಬಿಡುತ್ತಾರೆಯೇ? ಬಾಗಿಲಲ್ಲೇ ಚೊಂಬು ಹಿಡಿದು ನೀರು ಹುಯ್ಯುತ್ತಿದ್ದ ಹುಡುಗಿಯ ಅಪ್ಪನ ಕೈ ನಿಂತಿತು.

"ಬೆರಳೆಲ್ಲಪ್ಪಾ?"

"ಚಳಿಗೆ ಹೋದ್ವು ಯಜಮಾನ್ರೇ," ಎಂದ ಮೈಲಾರಿ.

"ಚಳಿಗೆ ಬೆರಳು ಹೋಗ್ತವಾ? ಮೊನ್ನೆ ಕೊಬ್ಬರಿ ಹಾಕಕ್ಕೆ ತಿಪಟೂರಿಗೆ ಹೋದಾಗ ಯುದ್ಧದ ಸಿನಿಮಾ ನೋಡ್ಕಂಡ್ ಬಂದಿವ್ನಿ ಕಣಪ್ಪ. ಆ ಹೀರೋ ಹಿಮದೊಳಗೆ ಅಂಗಿ ಗುಂಡಿ ಬಿಚ್ಕಂಡು ಕುಣೀತಾನೆ. ಒಂದು ನೆಗಡೀನೂ ಬರ್ಲಿಲ್ಲ ಅವನಿಗೆ!"

"ಅದು ಸಿನಿಮಾ ಕಣ್ರೀ," ಎಂದೆ.

"ನಿಜವಾಗ್ ನಡೆದಿದ್ದು ಅಂತ ಮೊದಲೇ ಬರೆದಿದ್ರಲ್ಲ!"

ಬರೆದಿದ್ದರು. ನಾನೂ ಓದಿದ್ದೇನೆ.

ಅವರು ಒಳಗೆ ಹೋಗಿ ಹೆಂಡತಿಯ ಹತ್ತಿರ ಏನೋ ಹೇಳಿದರು. ನಮಗೆ ಕೇಳಿದ್ದು "ದೊಡ್ಡರೋಗ" ಎಂಬ ಒಂದೇ ಮಾತು. (ನಮ್ಮಲ್ಲಿ ಕುಷ್ಠಕ್ಕೆ ಹಾಗೆನ್ನುತ್ತಾರೆ.) ಕಾಫಿ ಹೊರಗಿನ ಜಗಲಿಗೇ ಬಂತು. ಹುಡುಗಿ ಬರಲಿಲ್ಲ.

ಬಸ್ಸಿನಲ್ಲಿ ಮೈಲಾರಿ ಕೇಳಿದ, "ಆ ಸಿನಿಮಾ ಇನ್ನೂ ಓಡ್ತೈತೇನ್ಲಾ?"

"ನಿನಗ್ಯಾಕೆ, ಬುಡ್ಲಾ."

"ಅಲ್ಲ ಕಣ್ಲಾ, ಗುಂಡಿ ಹೆಂಗೆ ಬಿಚ್ದ ಅಂತ ನೋಡಬೇಕಿತ್ತು. ಅಲ್ಲಿ ಉಚ್ಚೆ ಹುಯ್ಯಕ್ಕೆ ಗುಂಡಿ ಬಿಚ್ಚಾನ ಅಂದ್ರೂ ನನ್ನ ಕೈಬೆರಳು ಬಗ್ತಿರ್ಲಿಲ್ಲ."

ಆ ಸಿನಿಮಾದಲ್ಲಿ ಟ್ಯಾಂಕು ಆ ಕಾಲದ್ದಲ್ಲ, ಹೆಗಲ ಪಟ್ಟಿ ತಪ್ಪು ಎಂದು ಪೇಪರಿನಲ್ಲಿ ಜಗಳ ನಡೆದಿದೆ. ನಡೆಯಲಿ. ಟ್ಯಾಂಕು ನೋಡಿ ಯಾರೂ ಹೆಣ್ಣು ಕೊಡುವುದಿಲ್ಲ.

ಹೀರೋ ಒಬ್ಬನೇ ನೂರು ಜನರನ್ನು ಹೊಡೆಯಲಿ, ಗುಂಡು ತಿಂದ ಮೇಲೂ ಅರ್ಧ ರೀಲು ಡೈಲಾಗ್ ಹೇಳಲಿ. ನನ್ನ ತಕರಾರಿಲ್ಲ. ಹೊಡೆದಾಟ ನಾವು ಕಂಡಿದ್ದೇವೆ, ಸಾವೂ ಕಂಡಿದ್ದೇವೆ. ಸುಳ್ಳು ಎಷ್ಟು ಅಂತ ಲೆಕ್ಕ ಸಿಗುತ್ತದೆ. ಹಿಮ ಕಂಡಿದ್ದೇವಾ? ನಮ್ಮ ಕಡೆ ಹಿಮ ಬೀಳುವುದು ಟಾಕೀಸಿನಲ್ಲಿ ಮಾತ್ರ. ಅಲ್ಲಿ ತೋರಿಸಿದ್ದೇ ಚಳಿ.

ಮೈಲಾರಿಯ ರಜೆ ಮುಗಿಯುತ್ತಾ ಬಂತು. ಅದೇ ಬೆಟ್ಟಕ್ಕೆ ವಾಪಸ್ಸು ಹೋಗಬೇಕು. ಅವನವ್ವ ಇನ್ನೊಂದು ಕಡೆ ಹೆಣ್ಣಿದೆ ಎನ್ನುತ್ತಿದ್ದಾಳೆ. ಅಲ್ಲೂ ಬಾಗಿಲಲ್ಲಿ ಚೊಂಬು ಇರುತ್ತದೆ.

ಸಿನಿಮಾದವರೇ, ನಿಮ್ಮ ಹೀರೋಗೆ ಒಂದು ಸ್ವೆಟರ್ ಹಾಕಿಸುತ್ತೀರೋ, ಇಲ್ಲ ಮೈಲಾರಿಗೆ ನೀವೇ ಹೆಣ್ಣು ಕೊಡುತ್ತೀರೋ?