ಬಡಗಿಯ ಮೇಲ್ಮನವಿ

ಬಡಗಿಗೆ ಸಿಟ್ಟು ಬರುತ್ತಿದ್ದುದು ಎರಡರ ಮೇಲೆ. ಒಂದು, ಸರಿಯಾಗಿ ಒಣಗದ ಮರ. ಇನ್ನೊಂದು, ತನ್ನನ್ನು ಒಂದು ಮಾತೂ ಕೇಳದೆ ತನ್ನ ವಿಷಯ ತೀರ್ಮಾನಿಸುವವರು. ಮನೆಗೆ ಅಂಟಿಕೊಂಡಿದ್ದ ಮರಗೆಲಸದ ಅಂಗಡಿ ಮುಚ್ಚಬೇಕೆಂದು ನಗರಸಭೆಯ ಆದೇಶ ಬಂದಾಗ ಎರಡನೆಯ ಸಿಟ್ಟು ನೆತ್ತಿಗೇರಿತು. ಪಕ್ಕದ ಮನೆಯ ನರ್ಸಮ್ಮ ಸುತ್ತಿಗೆ ಸದ್ದಿನ ಬಗ್ಗೆ ದೂರು ಕೊಟ್ಟಿದ್ದರು. ಅಧಿಕಾರಿ ಅದನ್ನೋದಿ ಕೂತಲ್ಲೇ ರುಜು ಹಾಕಿದ್ದರು. ಅಪ್ಪನ ಕಾಲದಿಂದ ಅನ್ನ ಹಾಕಿದ ಅಂಗಡಿ, ನೋಡನೋಡುತ್ತಾ ಕೈತಪ್ಪುವುದರಲ್ಲಿತ್ತು.

ಮೇಲ್ಮನವಿಯ ವಿಚಾರಣೆಗೆ ಆಸಾಮಿ ತಾನೇ ಮಾಡಿದ ಕುರ್ಚಿಯೊಂದನ್ನು ಹೆಗಲಿಗೇರಿಸಿ ಹೊರಟ. ಕೆಲಸ ಎಷ್ಟು ಚೊಕ್ಕ ಎಂದು ಕಣ್ಣಾರೆ ನೋಡಲಿ ಎಂಬ ಹುರುಪು. ವಕೀಲೆಯಾದ ಸೊಸೆ ಬಾಗಿಲಲ್ಲೇ ಅಡ್ಡ ನಿಂತಳು.

“ಮಾವ, ಕುರ್ಚಿ ಇಳಿಸಿ. ನಿಮ್ಮನ್ನ ಕೇಳದೆ ಆದೇಶ ಮಾಡಿದ್ದಾರೆ. ಅದೊಂದನ್ನೇ ಹೇಳಿ, ಉಳಿದದ್ದು ಹೊಟ್ಟೇಲಿರಲಿ.”

ಮೇಲಧಿಕಾರಿಯ ಮೇಜು ಅಲುಗಾಡುತ್ತಿತ್ತು. ಕಾಲಿಗೊಂದು ಚಕ್ಕೆ ಇಡಲು ಬಡಗಿಯ ಕೈ ತುರಿಸಿತಾದರೂ ಸೊಸೆಯ ಕಣ್ಣಿಗೆ ಹೆದರಿ ಸುಮ್ಮನಾದ. ನೋಟಿಸು ಕೊಟ್ಟಿಲ್ಲ, ಸ್ಥಳಕ್ಕೆ ಯಾರೂ ಹೋಗಿಲ್ಲ ಎಂದು ಕಡತದಲ್ಲಿ ನೋಡಿದ ಮೇಲಧಿಕಾರಿ ಆದೇಶವನ್ನು ರದ್ದು ಮಾಡಿದರು. ಆದರೆ ಅದೇ ಅಧಿಕಾರಿ ಸ್ಥಳ ನೋಡಿ, ಇಬ್ಬರ ಮಾತನ್ನೂ ಕೇಳಿ, ಹೊಸದಾಗಿ ತೀರ್ಮಾನಿಸಬೇಕು ಎಂದರು. ಇದು ಗೆಲುವೋ ಸೋಲೋ ಬಡಗಿಗೆ ತಿಳಿಯಲಿಲ್ಲ. ಈಗಷ್ಟೇ ಶುರುವಾಗಿದೆ ಎಂದು ಸೊಸೆ ನಕ್ಕಳು.

ಅಧಿಕಾರಿ ಅಂಗಡಿಗೆ ಬಂದು, ನರ್ಸಮ್ಮನನ್ನೂ ಕರೆಸಿ, ಅದೇ ಕುರ್ಚಿಯಲ್ಲಿ ಕೂತರು. ತನ್ನನ್ನು ಯಾರೂ ಕೇಳಲಿಲ್ಲವೆಂದು ಬಡಗಿ ಮನಸಾರೆ ಹೇಳಿಕೊಂಡ. ನರ್ಸಮ್ಮ ಕೊನೆಯವರೆಗೂ ಕೇಳಿಸಿಕೊಂಡರು. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು.

“ರಾತ್ರಿಯೆಲ್ಲಾ ವಾರ್ಡಲ್ಲಿ ನಿಂತು ಬೆಳಗ್ಗೆ ಬಂದು ಮಲಗೋಳು ನಾನು. ಯಾವಾಗ ಮಲಗ್ತೀರ ಅಂತ ಒಂದಿನಾನಾದ್ರೂ ನೀವು ನನ್ನ ಕೇಳಿದ್ದೀರಾ?”

ಬಡಗಿ ಊರೆಲ್ಲ ಸಾರಿದ ದೂರು ಅವನ ಮೇಲೇ ಬಂದಿತ್ತು. ನಾಚಿಕೆಯಾಯಿತು, ಅದನ್ನು ಬಾಯಿಬಿಟ್ಟೂ ಹೇಳಿದ. ಮಧ್ಯಾಹ್ನದವರೆಗೆ ಬರೀ ಉಜ್ಜುವುದು, ಪಾಲಿಶು. ಗರಗಸ, ಸುತ್ತಿಗೆ ಆಮೇಲೆ ಎಂದು ತಾನೇ ಒಪ್ಪಿಕೊಂಡ. ನರ್ಸಮ್ಮ ತಲೆಯಾಡಿಸಿದರು. ಅಧಿಕಾರಿ ಅದನ್ನೇ ಆದೇಶವಾಗಿ ಬರೆದರು.

ಈಗ ಊಟವಾದ ಮೇಲೆ ಬಡಗಿ ಸುತ್ತಿಗೆ ಹಿಡಿದು ಗೋಡೆಯ ಬಳಿ ನಿಲ್ಲುತ್ತಾನೆ.

“ನರ್ಸಮ್ಮ, ಎದ್ರಾ?”

“ಎದ್ದೆ, ಹೊಡೀರಿ.”

ಆಮೇಲೆಯೇ ಮೊದಲ ಮೊಳೆ.