ಅರ್ಬಾಬರಿಗೊಂದು ಕೋವಿ

ಬಹ್ರೈನಿನಲ್ಲಿ ನಾನು ಇಪ್ಪತ್ತು ವರ್ಷ ಮಾಡಿದ್ದು ಖರೀದಿ ಕೆಲಸ. ಪಂಪು, ವಾಲ್ವು, ಬೇರಿಂಗು, ಗ್ಯಾಸ್ಕೆಟ್ಟು ಎಂದು ಅಸ್ಕರ್ ಕಡೆಯ ಕಾರ್ಖಾನೆಗಳಿಗೆ ಬೇಕಾದದ್ದನ್ನೆಲ್ಲ ನಮ್ಮ ಕಂಪನಿ ತರಿಸಿಕೊಡುತ್ತಿತ್ತು. ಮೂರು ಕೊಟೇಶನ್ ತರಿಸು, ಪಕ್ಕಪಕ್ಕ ಬರೆ, ಒಂದನ್ನು ಆರಿಸು. ಇಷ್ಟೇ ನನ್ನ ವಿದ್ಯೆ. ಹಾಗಾಗಿ ಒಂದು ಬೆಳಿಗ್ಗೆ ನಮ್ಮ ಅರ್ಬಾಬ್, ಅಂದರೆ ಕಂಪನಿಯ ಮಾಲೀಕರು, ನನ್ನನ್ನು ಕರೆದು “ನನಗೊಂದು ರೈಫಲ್ ಆರಿಸಿಕೊಡು” ಎಂದಾಗ ಅದು ಪಂಪು ಕೇಳಿದ ಧಾಟಿಯಲ್ಲೇ ಇತ್ತು.

ವಾರದ ರಜೆ ಗುರುವಾರ–ಶುಕ್ರವಾರದಿಂದ ಶುಕ್ರವಾರ–ಶನಿವಾರಕ್ಕೆ ಬದಲಾದ ಹೊಸತು ಅದು. ಅರ್ಬಾಬರಿಗೆ ಅರವತ್ತು ದಾಟಿತ್ತು. ಚಿಕ್ಕಂದಿನಲ್ಲಿ ಬೊಂಬಾಯಿಯಲ್ಲಿ ಓದಿದವರಾದ್ದರಿಂದ ನಮ್ಮೊಡನೆ ಮಾತೆಲ್ಲ ಹಿಂದಿಯಲ್ಲೇ. ಅವರ ತಮ್ಮಂದಿರಿಬ್ಬರು ಟಾಂಜಾನಿಯಾಕ್ಕೆ ಹೋಗಿ ಕಾಡುಕೋಣ ಹೊಡೆದು ಬಂದು, ಕೊಂಬುಗಳನ್ನು ತಮ್ಮ ತಮ್ಮ ಮಜ್ಲಿಸಿನ, ಅಂದರೆ ಅತಿಥಿ ಕೋಣೆಯ, ಗೋಡೆಗೆ ಏರಿಸಿದ್ದರು. ಅಣ್ಣನ ಗೋಡೆ ಮಾತ್ರ ಖಾಲಿ ಉಳಿದಿತ್ತು. ರೈಫಲನ್ನು ಬಹ್ರೈನಿಗೆ ತರುವ ಮಾತೇ ಇರಲಿಲ್ಲ. ಟಾಂಜಾನಿಯಾದ ಬೇಟೆ ಶಿಬಿರದವರ ಮೂಲಕ ಕೊಂಡು ಅಲ್ಲಿಯೇ ಇಡುವುದು. ಆರಿಸುವ ಕೆಲಸ ಮಾತ್ರ ಮನಾಮದ ನಮ್ಮ ಆಫೀಸಿನದು.

ಅದಕ್ಕೆ ನನ್ನನ್ನೇ ಕರೆಯಲು ಕಾರಣ ನಮ್ಮ ಅಕೌಂಟೆಂಟ್, ಮಂಗಳೂರಿನವರು. ನಾನು ಕೊಡಗಿನವನೆಂದೂ, ನಮ್ಮಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುತ್ತಾರೆಂದೂ ಅರ್ಬಾಬರ ಕಿವಿಗೆ ಹಾಕಿದ್ದರು. ಮಾತೇನೂ ಸುಳ್ಳಲ್ಲ, ನಾನು ಹುಟ್ಟಿದಾಗಲೂ ಹಾರಿಸಿದ್ದರಂತೆ. ಆದರೆ ಹದಿನಾರನೆಯ ವಯಸ್ಸಿನ ನಂತರ ನಾನು ಕೋವಿ ಮುಟ್ಟಿದವನಲ್ಲ. ಅದಕ್ಕೆ ಮುಂಚೆಯೂ ಹೊಡೆದದ್ದು ನಾಲ್ಕೈದು ತೆಂಗಿನಕಾಯಿಗೆ, ತಾಗಿದ್ದು ಒಂದಕ್ಕೂ ಇಲ್ಲ. ಅರ್ಬಾಬ್ ಮುಖವರಳಿಸಿ “ನಿನಗೆ ಬಂದೂಕು ಚೆನ್ನಾಗಿ ಗೊತ್ತಲ್ಲ?” ಎಂದು ಕೇಳಿದಾಗ “ಗೊತ್ತು ಅರ್ಬಾಬ್” ಎಂದುಬಿಟ್ಟೆ. ಕೊಡಗಿನವನಾಗಿ ಕೋವಿ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ಎಂತ ಮಾರಾಯ್ರೆ, ನಿಮಗೆ ಇದು ನೀರು ಕುಡಿದ ಹಾಗೆ ಅಲ್ವಾ?” ಎಂದರು ಅಕೌಂಟೆಂಟ್, ಹೊರಗೆ ಬಂದ ಮೇಲೆ. ಅವರಿಗೂ ಹೂಂ ಎಂದೆ.

ಮುಂದಿನ ಎರಡು ವಾರ ಕಂಪ್ಯೂಟರಿನ ಮುಂದೆ ಕೂತು ಕಲಿತೆ. ಬೋಲ್ಟ್ ರೈಫಲ್ ಎಂದರೆ ಪ್ರತಿ ಗುಂಡಿನ ನಂತರ ಪಕ್ಕದ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ಇನ್ನೊಂದು ತೋಟೆ ಏರಿಸುವ ಕೋವಿ; ಬಾಗಿಲ ಚಿಲಕ ತೆಗೆದು ಹಾಕಿದ ಹಾಗೆ. ಯಂತ್ರ ಸರಳ, ಕೆಡುವುದು ಕಡಿಮೆ. ಆದರೆ ಮುಕ್ಕಾಲು ಟನ್ ತೂಕದ ಕೋಣ ಎದುರಿಗೆ ನುಗ್ಗುವಾಗ ಎರಡನೆಯ ತೋಟೆ ಅಡ್ಡ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಅದಕ್ಕೇ ಅನುಭವಸ್ಥರು ಹಳೆಯ ಜರ್ಮನ್ ಮಾದರಿಯ ಬೋಲ್ಟನ್ನೇ ಬಯಸುತ್ತಾರೆ. ಅದರ ಪಕ್ಕದಲ್ಲಿ ಉದ್ದನೆಯ ಉಕ್ಕಿನ ಉಗುರೊಂದಿರುತ್ತದೆ. ತೋಟೆಗಳನ್ನು ತುಂಬಿಡುವ ಮ್ಯಾಗಜೀನಿನಿಂದ ಒಂದು ತಲೆ ಎತ್ತಿದ ಕೂಡಲೇ ಆ ಉಗುರು ಅದರ ಬುಡ ಹಿಡಿದುಕೊಳ್ಳುತ್ತದೆ. ಗಾಬರಿಯಲ್ಲಿ ಕೈ ಅರ್ಧಕ್ಕೆ ನಿಂತರೂ ತೋಟೆ ಜಾರುವುದಿಲ್ಲ. ಮನುಷ್ಯ ಹೆದರುತ್ತಾನೆ ಎಂಬುದನ್ನು ಒಪ್ಪಿಕೊಂಡು ಮಾಡಿದ ಯಂತ್ರ ಅದು, ನನಗೆ ಬಹಳ ಹಿಡಿಸಿತು.

ಉಳಿದದ್ದು ಗುಂಡಿನ ಗಾತ್ರ. ಮುನ್ನೂರೆಪ್ಪತ್ತೈದು, ನಾನೂರಹದಿನಾರು, ನಾನೂರೈವತ್ತೆಂಟು. ಸಂಖ್ಯೆ ಏರಿದಷ್ಟು ಗುಂಡು ದಪ್ಪ, ಹೊಡೆತ ಜೋರು, ಭುಜಕ್ಕೆ ಬೀಳುವ ಒದೆತವೂ ಜೋರು. ಪಂಪಿಗೆ ಮಾಡುವ ಹಾಗೆಯೇ ಹಾಳೆ ಮಾಡಿದೆ. ಬೆಲೆ, ತೂಕ, ಎಷ್ಟು ತೋಟೆ ಹಿಡಿಯುತ್ತದೆ, ಯಾವಾಗ ಸಿಗುತ್ತದೆ, ಹೊಡೆತದ ಬಲ. ಕೊನೆಯ ಕಾಲಂ ‘ಬಳಸುವವರು’. ಅಲ್ಲಿ ಎಂದಿನಂತೆ ಕಾರ್ಖಾನೆಯ ಹೆಸರು ಬರೆಯುವ ಬದಲು ‘ಅರ್ಬಾಬ್’ ಎಂದು ಬರೆದೆ. ಲೆಕ್ಕದಲ್ಲಿ ನಾನೂರೈವತ್ತೆಂಟು ಗೆದ್ದಿತು.

ಹಾಳೆ ನೋಡಿ ಅರ್ಬಾಬ್ ಮೇಜು ತಟ್ಟಿದರು. “ತಮ್ಮಂದಿರದ್ದು ನಾನೂರಹದಿನಾರು. ಖಲಾಸ್, ನನಗೆ ಇದೇ ಇರಲಿ.”

ಭುಜಕ್ಕೆ ಆನಿಸುವ ಹಿಂಬದಿಯ ಮರ ಎಷ್ಟು ಉದ್ದ ಬೇಕೆಂದು ಶಿಬಿರದವರು ಕೇಳಿ ಬರೆದರು. ಅದೊಂದು ನನಗೆ ನಿಜವಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಕೋವಿಯ ಹಿಂಬದಿಯನ್ನು ಮೊಣಕೈಯ ಮಡಿಕೆಗೆ ಇಟ್ಟು, ಬೆರಳು ಟ್ರಿಗರಿಗೆ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಪ್ಯಾಂಟ್ರಿಯಿಂದ ನೆಲ ಒರೆಸುವ ಕೋಲು ತಂದು ಅರ್ಬಾಬರ ತೋಳಿಗೆ ಹಿಡಿದು ಅಳತೆ ಗುರುತು ಹಾಕಿದೆ. ಖುಷಿಯಾಗಿ ಅವರು ಅದನ್ನೇ ಎತ್ತಿ ಭುಜಕ್ಕಿಟ್ಟು ಕಿಟಕಿಯಾಚೆಯ ನೀರಿನ ಟ್ಯಾಂಕಿಗೆ ಗುರಿಯಿಡಲು ಹೋದರು. ಬಲಗೈ ಅರ್ಧಕ್ಕೆ ಏರಿ ನಿಂತಿತು, ನೋವಿಗೆ ಮುಖ ಕಿವುಚಿತು. ವರ್ಷದ ಹಿಂದೆ ಆ ಭುಜಕ್ಕೆ ಆಪರೇಷನ್ ಆಗಿತ್ತು. “ಏನಿಲ್ಲ, ಏನಿಲ್ಲ” ಎಂದು ನಕ್ಕು ಕೋಲು ಕೆಳಗಿಟ್ಟರು. ಕೋಲಿಗೇ ಹೀಗಾದರೆ ನಾನೂರೈವತ್ತೆಂಟಕ್ಕೆ ಏನು ಗತಿ ಎಂದು ನನಗೆ ಅನ್ನಿಸದೆ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಸಂಬಳ ಕೊಡುವವರಿಗೆ ‘ನಿಮಗೆ ಇದು ಭಾರ’ ಎನ್ನುವುದು ಹೇಗೆ?

ವಾರ ಕಳೆದು ಶಿಬಿರದ ಷರತ್ತುಗಳ ಕಾಗದ ಬಂತು. ಅರ್ಬಾಬರ ಸಹಿ ಹಾಕಿಸುವ ಮೊದಲು ಓದುವುದು ನನ್ನ ಕೆಲಸ. ಅದರ ಒಂದು ಸಾಲಿನಲ್ಲಿ ನಾನು ಸಿಕ್ಕಿಬಿದ್ದೆ. ಗಾಯಗೊಂಡ ಪ್ರಾಣಿ ಹುಲ್ಲೊಳಗೆ ಸೇರಿದರೆ ಹೆಜ್ಜೆ ಹುಡುಕುವ ಊರಿನವನು ಮುಂದೆ ನಡೆಯುತ್ತಾನೆ, ಕೋವಿ ಹಿಡಿದವರು ಅವನ ಹಿಂದೆ, ಎಂದು ಬರೆದಿತ್ತು.

ಊರಿನಲ್ಲಿ ಆಗ ನನಗೆ ಹದಿನಾರು ವರ್ಷ. ಬೇಟೆಗೆ ಕಾನೂನು ಇನ್ನೂ ಅಡ್ಡ ಬರದ ಕಾಲ. ಕೈಲ್ ಮುಹೂರ್ತ ಹಬ್ಬದ ದಿನ ಮನೆಯ ಕೋವಿಗಳನ್ನೆಲ್ಲ ತೊಳೆದು ಒರೆಸಿ, ಹೂವಿಟ್ಟು ಪೂಜೆ ಮಾಡಿ, ಮರುದಿನ ಹಂದಿ ಬೇಟೆಗೆ ಹೋಗುವುದು ರೂಢಿ. ಆ ವರ್ಷ ದೊಡ್ಡಪ್ಪ ಒಂದು ಭಾರೀ ರೈಫಲ್ ತಂದಿದ್ದರು. ಎಸ್ಟೇಟಿನ ದೊರೆಯೊಬ್ಬ ಊರು ಬಿಡುವಾಗ ಮಾರಿ ಹೋದದ್ದು, ಆನೆಗೆ ಹೊಡೆಯುವಂಥದ್ದು. ಹಂದಿಗೆ ಅದು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಇನ್ನೊಂದು ಪಕ್ಕದಲ್ಲಿ ನಮ್ಮ ತೋಟದ ಕೆಲಸದವನು, ಕಾಡಿನ ಹೆಜ್ಜೆ ಬಲ್ಲವನು. ಹಂದಿ ಹೊರಬಿತ್ತು, ದೊಡ್ಡಪ್ಪ ಹೊಡೆದರು. ಒದೆತಕ್ಕೆ ಅವರು ಎರಡು ಹೆಜ್ಜೆ ಹಿಂದೆ ಹೋಗಿ ತಡವರಿಸಿದರು. ಏನಾಯಿತೆಂದು ಅವರಿಗೇ ಕಾಣಲಿಲ್ಲ. ನನ್ನ ಕಡೆ ತಿರುಗಿ “ಬಿತ್ತಾ?” ಎಂದರು.

ಶಬ್ದಕ್ಕೆ ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದೆ. ಹಾಗೆಂದು ಹೇಳಲು ನಾಚಿಕೆಯಾಯಿತು. “ಬಿತ್ತು ದೊಡ್ಡಪ್ಪ, ನಾನು ನೋಡಿದೆ” ಎಂದೆ.

ಅವರು ಕೆಲಸದವನಿಗೆ ಹೋಗು ಎಂದರು. ಅವನು ಕತ್ತಿ ಹಿಡಿದು ಪೊದೆಯೊಳಗೆ ಹೋದ. ಹಂದಿ ಬಿದ್ದಿರಲಿಲ್ಲ. ಅವನ ಎಡತೊಡೆ ಸೀಳಿ ಹೋಯಿತು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಆಮೇಲೆ ಪ್ರತಿ ಕೈಲ್ ಮುಹೂರ್ತಕ್ಕೂ ಅವನು ಕುಂಟುತ್ತಾ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನಾನು ಮುಖ ತಪ್ಪಿಸಿ ಹಿತ್ತಲಿಗೆ ಹೋಗುತ್ತಿದ್ದೆ. ನನ್ನ ಸುಳ್ಳು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಈಗ ಅದೇ ಬಾಯಿಂದ ಅರ್ಬಾಬರಿಗೆ ‘ಗೊತ್ತು’ ಎಂದಿದ್ದೆ. ಟಾಂಜಾನಿಯಾದಲ್ಲಿ ನಾನು ಎಂದೂ ನೋಡದ ಒಬ್ಬ ಮನುಷ್ಯ ಆ ಮಾತನ್ನು ನಂಬಿ ಹುಲ್ಲೊಳಗೆ ಹೋಗುವವನಿದ್ದ. ಆ ಕೊನೆಯ ಕಾಲಮಿನಲ್ಲಿ ನಾನು ಬರೆಯಬೇಕಾಗಿದ್ದದ್ದು ಒಬ್ಬರ ಹೆಸರಲ್ಲ, ಇಬ್ಬರದು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಎರಡು ದಿನದ ನಂತರ ಅಸ್ಕರಿನ ಕಾರ್ಖಾನೆಯೊಂದರಲ್ಲಿ ಮೀಟಿಂಗ್ ಇತ್ತು. ಅರ್ಬಾಬ್ ತಾವೇ ಕಾರು ಓಡಿಸುತ್ತಿದ್ದರು. ವಾಪಸ್ ಬರುವಾಗ, ಸಮುದ್ರದ ಪಕ್ಕ ಒಂದು ನಿಮಿಷ ನಿಲ್ಲಿಸಿ ಎಂದು ಕೇಳಿಕೊಂಡೆ. ಕೆಲಸ ಬಿಡುತ್ತೇನೆ ಎನ್ನುತ್ತಾನೇನೋ ಎಂದು ಅವರಿಗೆ ಗಾಬರಿ. ಹಂದಿ, ದೊಡ್ಡಪ್ಪ, ಮುಚ್ಚಿದ ಕಣ್ಣು, ಎಲ್ಲ ಹೇಳಿದೆ. “ನನಗೆ ಬಂದೂಕು ಗೊತ್ತಿಲ್ಲ ಅರ್ಬಾಬ್. ಆದರೆ ಇಷ್ಟು ಗೊತ್ತು. ಆ ದೊಡ್ಡದನ್ನು ನಿಮ್ಮ ಭುಜ ತಡೆಯುವುದಿಲ್ಲ. ಹೊಡೆದ ಮೇಲೂ ಕಣ್ಣು ತೆರೆದಿರಬೇಕು, ಪ್ರಾಣಿಗೆ ಎಲ್ಲಿ ತಾಗಿತು ಎಂದು ನೀವೇ ನೋಡಬೇಕು. ಮುನ್ನೂರೆಪ್ಪತ್ತೈದು ಸಾಕು.”

ಅವರ ಕಿವಿ ಕೆಂಪಾಯಿತು. “ಇಷ್ಟು ದಿನ ನನಗೆ ಸುಳ್ಳು ಹೇಳಿದೆಯಾ?”

“ಹೇಳಿದೆ.”

“ನನ್ನ ತಮ್ಮಂದಿರ ಮುಂದೆ ನಾನು ಸಣ್ಣ ಬಂದೂಕು ಹಿಡಿಯಬೇಕಾ?”

ಉತ್ತರಕ್ಕೆ ಕಾಯದೆ ಅವರು ಕಾರು ಹೊರಡಿಸಿದರು. ಗುದೈಬಿಯಾದ ನನ್ನ ಬಿಲ್ಡಿಂಗಿನ ಮುಂದೆ ಇಳಿಸುವಾಗ “ಆ ಮನುಷ್ಯ ಬದುಕಿದ್ದಾನಾ?” ಎಂದು ಕೇಳಿದರು. ಇದ್ದಾನೆ ಎಂದೆ. “ಅವನಿಗೆ ಹೇಳಿದ್ದೀಯಾ?” ಇಲ್ಲ ಎಂದೆ. ಅವರು ತಲೆಯಾಡಿಸಿ ಹೋದರು. ಮರುದಿನ ನನ್ನ ಹಾಳೆ ವಾಪಸ್ ಬಂತು. ನಾನೂರೈವತ್ತೆಂಟಕ್ಕೆ ಗೀಟು ಬಿದ್ದು, ಮುನ್ನೂರೆಪ್ಪತ್ತೈದರ ಪಕ್ಕ ಸಹಿ ಇತ್ತು.

ಪ್ರಯಾಣದ ತನಕ ಅರ್ಬಾಬ್, ಆ ಕೋಲನ್ನೇ ಕೋವಿಯಂತೆ ಭುಜಕ್ಕೇರಿಸಿ, ಶಿಬಿರದವರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿದರು. ನೆಲ ಒರೆಸುವ ಕೋಲಿಗೆ ಪಾಪ, ಆ ಎರಡು ತಿಂಗಳು ಆಫೀಸಿನ ನೆಲ ಸಿಗಲೇ ಇಲ್ಲ. ಆಗಸ್ಟಿನಲ್ಲಿ ಹೋಗಿ, ಎರಡು ವಾರ ಕಳೆದು, ಬಿಸಿಲಿಗೆ ಸುಟ್ಟು ಬಂದವರು ನೇರ ನನ್ನ ಮೇಜಿನ ಬಳಿಗೆ ಬಂದರು. ಕೊಂಬು ಎಷ್ಟು ಅಗಲ ಎಂದು ಎಲ್ಲರೂ ಕೇಳುತ್ತಿದ್ದರೆ ಅವರು ನನಗೆ ಬೇರೆಯದನ್ನು ಹೇಳಿದರು.

“ಮೊದಲ ಗುಂಡು ಹಿಂದೆ ಬಿತ್ತು. ಹೊಟ್ಟೆಗೆ. ನಾನೇ ನೋಡಿದೆ, ಕಣ್ಣು ತೆರೆದಿತ್ತು. ಹೆಜ್ಜೆ ನೋಡುವ ಮುದುಕ ಆಗಲೇ ಹೊರಟಿದ್ದ. ನಿಲ್ಲು, ನಾನು ಸರಿಯಾಗಿ ಹೊಡೆಯಲಿಲ್ಲ ಎಂದೆ. ಹಬೀಬಿ, ನನ್ನ ಜನ್ಮದಲ್ಲಿ ಹತ್ತು ಜನರ ಎದುರು ಹಾಗೆ ಹೇಳಿದವನಲ್ಲ ನಾನು. ಒಂದು ಗಂಟೆ ಕಾದು, ಎಲ್ಲರೂ ಒಟ್ಟಿಗೆ ಹೋದೆವು. ಅದು ಹುಲ್ಲಿನಲ್ಲಿ ನಮಗಾಗಿ ಕಾಯುತ್ತಿತ್ತು. ಬೋಲ್ಟ್ ಎಳೆದದ್ದೂ ಗೊತ್ತಾಗಲಿಲ್ಲ ನನಗೆ. ಎರಡನೆಯ ಗುಂಡಿಗೆ ಮುದುಕನಿಂದ ಹತ್ತು ಹೆಜ್ಜೆ ದೂರದಲ್ಲಿ ಬಿತ್ತು.”

ಆಮೇಲೆ ತಗ್ಗಿದ ದನಿಯಲ್ಲಿ “ನಾನು ಹೇಳಿದ್ದಾಯಿತು. ನಿನ್ನದು ಬಾಕಿ ಇದೆ” ಎಂದರು.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ದಿನ ಮಧ್ಯಾಹ್ನ, ಊಟದ ಹೊತ್ತು ನೋಡಿ ಮನೆಗೆ ಫೋನ್ ಮಾಡಿದೆ. ತಮ್ಮ ಎತ್ತಿಕೊಂಡ. ತೋಟದ ಕೆಲಸದವನು ಬಂದಿದ್ದಾನಾ ಎಂದು ಕೇಳಿದೆ. ಬಂದಿದ್ದಾನೆ, ಹೊರಗೆ ಜಗಲಿಯಲ್ಲಿ ಊಟಕ್ಕೆ ಕೂತಿದ್ದಾನೆ ಎಂದ. ಫೋನ್ ಕೊಡು ಎಂದಾಗ ತಮ್ಮನಿಗೆ ಆಶ್ಚರ್ಯ. ನನಗಿಂತ ಹತ್ತು ವರ್ಷ ದೊಡ್ಡವನು ಆ ಕೆಲಸದವನು. ಆದರೂ ಅವನನ್ನು ಏಕವಚನದಲ್ಲಿ ಕರೆಯುವುದು, ಜಗಲಿಯಲ್ಲಿ ಕೂರಿಸುವುದು ನಮ್ಮ ಮನೆಯಲ್ಲಿ ಯಾರಿಗೂ ತಪ್ಪಾಗಿ ಕಂಡದ್ದಿಲ್ಲ. ಬಾಲ್ಕನಿಯ ಬಿಸಿಲಲ್ಲಿ ನಿಂತು ಆಫ್ರಿಕಾದ ಕಥೆಯಿಂದ ಶುರು ಮಾಡಿದೆ. ಕೊನೆಗೆ, ಆ ದಿನ ನಾನು ಹಂದಿ ಬಿದ್ದದ್ದನ್ನು ನೋಡಿರಲಿಲ್ಲ, ಕಣ್ಣು ಮುಚ್ಚಿದ್ದೆ ಎಂದೆ.

“ಅದು ನಂಗೆ ಗೊತ್ತಲ್ಲ ಸಣ್ಣಯ್ಯ” ಎಂದ ಅವನು. “ನೀವು ಕಣ್ಣು ಮುಚ್ಚಿದ್ದು ನಾನು ಕಂಡಿದ್ದೆ. ಹಂದಿ ಓಡಿದ್ದೂ ಕಂಡಿದ್ದೆ.”

“ಮತ್ತೆ ಯಾಕೆ ಹೋದ್ರಿ?” ಮೊದಲ ಸಲ ನನ್ನ ಬಾಯಲ್ಲಿ ಅವನಿಗೆ ಬಹುವಚನ ಬಂತು.

“ದೊಡ್ಡಯ್ಯ ಹೋಗು ಅಂದ್ರಲ್ಲ. ನೀವು ಬಿತ್ತು ಅಂದ್ರಿ. ನಾನು ಇಲ್ಲ ಅಂದ್ರೆ ಯಾರು ಕೇಳ್ತಿದ್ರು?”

ಕೋಪವಿಲ್ಲದೆ, ಅನ್ನ ಕಲಸುತ್ತಲೇ ಹೇಳಿದ ಹಾಗಿತ್ತು. ಮೂವತ್ತೈದು ವರ್ಷ ನಾನು ಬಚ್ಚಿಟ್ಟಿದ್ದೆ ಎಂದುಕೊಂಡದ್ದನ್ನು ಅವನು ನಮ್ಮ ಮನೆಯ ಜಗಲಿಯಲ್ಲೇ ಕೂತು, ವರ್ಷ ವರ್ಷವೂ ಉಂಡು, ಸುಮ್ಮನಿದ್ದ. ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ. ಅತ್ತದ್ದು ನೆನಪಿದೆ.

ಅವನು ನಾನು ಸುಧಾರಿಸಿಕೊಳ್ಳುವ ತನಕ ಕಾದ. ಆಮೇಲೆ ಕೇಳಿದ: “ಅಲ್ಲಿ ಆ ಹೆಜ್ಜೆ ನೋಡುವವನು ಇದ್ನಲ್ಲ ಸಣ್ಣಯ್ಯ, ಅವನ ಕಾಲಿಗೆ ಏನೂ ಆಗ್ಲಿಲ್ಲ ತಾನೆ?”

ಇಲ್ಲ, ಏನೂ ಆಗಲಿಲ್ಲ, ಎಂದೆ.

“ಹಾಗಾದ್ರೆ ಸರಿ” ಎಂದು ಫೋನನ್ನು ನನ್ನ ತಮ್ಮನ ಕೈಗೆ ಕೊಟ್ಟ.