ಹಗಲು ಮುಚ್ಚಿದ ಬಾಗಿಲು

ನಮ್ಮ ಕಡೆ ಹಗಲು ಹೊತ್ತಿನಲ್ಲಿ ಮನೆಯ ಬಾಗಿಲು ಮುಚ್ಚುವುದಿಲ್ಲ. ಬೆಳಗ್ಗೆ ಸಾರಿಸಿ ರಂಗೋಲಿ ಬಿಟ್ಟ ಮೇಲೆ ತೆಗೆದದ್ದು ತೆಗೆದಂತೆಯೇ. ಮುಚ್ಚಿದೆ ಎಂದರೆ ಮನೆಯಲ್ಲಿ ಯಾರೂ ಇಲ್ಲ, ಇಲ್ಲವೇ ಹೊರಗಿನವರು ನೋಡಬಾರದ್ದು ಒಳಗೆ ಏನೋ ಆಗಿದೆ. ಅಂಥ ಬಾಗಿಲನ್ನು ತಟ್ಟುವುದು ಮರ್ಯಾದೆಯಲ್ಲ. ದೂರ ಕೂತು ಕಾಯಬೇಕು, ಇಲ್ಲವೇ ವಾಪಸು ಹೋಗಬೇಕು. ಗೆಟ್ಟವಾಡಿಯ ಒಕ್ಕಲು ಮನೆಯಲ್ಲಿ ಬೆಳೆದ ನನಗೂ ಇದು ಗೊತ್ತು, ಕಾಡಿನ ಹಾಡಿಗಳ ಸೋಲಿಗರಿಗೂ ಗೊತ್ತು. ನಮ್ಮ ಆಸ್ಪತ್ರೆ ಕಟ್ಟಿದ ಇಂಜಿನಿಯರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ನನಗೆ ಸಿಟ್ಟಿಲ್ಲ. ಹೇಳಿದಾಗ ನಕ್ಕನಲ್ಲ, ಅದಕ್ಕೆ.

ಮಾತು ಕನ್ನಡದ್ದಾದರೂ ತಮಿಳು ರಾಜ್ಯಕ್ಕೆ ಸೇರಿದ ಈ ಗಡಿಬೆಟ್ಟದಲ್ಲಿ ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸು. ಹಳೆಯ ಕಟ್ಟಡ ಹೆಂಚಿನದು. ದಪ್ಪ ಗೋಡೆ, ಎದುರುಬದುರು ಕಿಟಕಿ, ಮುಂದೆ ಉದ್ದಕ್ಕೂ ಜಗಲಿ. ಬಂದವರು ಜಗಲಿಯ ಮೇಲೆ ಕೂರುತ್ತಿದ್ದರು, ಕಟ್ಟಿ ತಂದ ಮುದ್ದೆ ಬಿಚ್ಚಿ ಉಣ್ಣುತ್ತಿದ್ದರು, ಕೆಮ್ಮುವವರು ಗಾಳಿಯಲ್ಲೇ ಕೆಮ್ಮುತ್ತಿದ್ದರು. ಕೂತಲ್ಲಿಂದಲೇ ನನಗೆ ಎಲ್ಲರ ಮುಖ ಕಾಣುತ್ತಿತ್ತು. ಯಾರದ್ದು ಅವಸರ ಎಂದು ಕಂಡರೆ ಎದ್ದು ಹೋಗಿ ಕರೆತರುತ್ತಿದ್ದೆ. ಹೆಂಚು ಸೋರಲು ಶುರುವಾಯಿತು, ಜಾಗ ಸಾಲದಾಯಿತು, ಹೊಸದು ಬೇಕೇ ಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ.

ಕಡಿಮೆ ಖರ್ಚಿನ, ಪರಿಸರಸ್ನೇಹಿ ಆಸ್ಪತ್ರೆ ಎಂದು ನಕ್ಷೆ ಹಿಡಿದು ಬಂದ ಆ ಇಂಜಿನಿಯರು ಕೆಳಗಿನ ಬಯಲಿನವನು. ಘಾಟಿ ಹತ್ತಿ ಮುಗಿಯುವ ದಿಂಬಂನಲ್ಲಿ ಕಾರಿನ ಎಸಿ ಆರಿಸಿ, ಕಿಟಕಿ ಇಳಿಸಿ, ಟೀ ಕುಡಿದು, ಎಂಥಾ ಗಾಳಿ ಎಂದು ಹೊಗಳುತ್ತಲೇ ನಮ್ಮಲ್ಲಿಗೆ ಬಂದ. ಆಮೇಲೆ ಅದೇ ಗಾಳಿ ಒಳಗೆ ಬಾರದ ಹಾಗೆ ಮಾಡಿದ. ಖರ್ಚು ಉಳಿಸಲು ಮೊದಲು ಕಿತ್ತುಹಾಕಿದ್ದು ಜಗಲಿಯನ್ನು. ಅದು ವೇಸ್ಟ್ ಜಾಗವಂತೆ. ಆಮೇಲೆ ಗೋಡೆ ತೆಳುವಾಯಿತು, ಹೆಂಚಿನ ಬದಲು ತಗಡು ಬಂತು. ತಗಡು ಮಧ್ಯಾಹ್ನ ಕಾಯುತ್ತದಲ್ಲ, ಅದಕ್ಕೆ ಎಸಿ. ಎಸಿ ಇದೆಯಲ್ಲ, ಅದಕ್ಕೆ ಕಿಟಕಿ ತೆಗೆಯುವಂತಿಲ್ಲ, ಮುಂದೆ ಕಪ್ಪು ಗಾಜಿನ ಬಾಗಿಲು, ಅದು ಸದಾ ಮುಚ್ಚಿರಬೇಕು. ತಗಡಿನ ಮೇಲೆ ಸೋಲಾರ್ ಹಲಗೆ ಕೂರಿಸಿದರು, ಪರಿಸರಸ್ನೇಹಿ ಆಗಿಹೋಯಿತು. ಕಂಬಳಿ ಹೊದ್ದು ಮಲಗುವ ಊರಿಗೆ ಎಸಿ! ಇದನ್ನು ಬುದ್ಧಿವಂತಿಕೆ ಅನ್ನಬೇಕಂತೆ.

ಮೀಟಿಂಗಿನಲ್ಲಿ ನಾನು ಎದ್ದು ನಿಂತು, ಜಗಲಿ ಇರಲಿ, ಬಾಗಿಲು ತೆಗೆದಿರಲಿ, ಮುಚ್ಚಿದ ಬಾಗಿಲೊಳಗೆ ನಮ್ಮ ಜನ ಕಾಲಿಡುವುದಿಲ್ಲ ಎಂದೆ. ತಳ್ಳಿದರೆ ತೆಗೆದುಕೊಳ್ಳುತ್ತದೆ ಸಿಸ್ಟರ್, ಕಲಿತುಕೊಳ್ಳುತ್ತಾರೆ ಬಿಡಿ ಎಂದು ಅವನು ತಮಿಳಿನಲ್ಲಿ ಹೇಳಿ ನಕ್ಕ. ಟ್ರಸ್ಟಿನವರೂ ನಕ್ಕರು. ಹೊಸ ಕಟ್ಟಡಕ್ಕೆ ಹೋದ ಮೇಲೆ ಬರುವವರು ಕಡಿಮೆಯಾದಾಗ ಅವರೇ, ಈ ಜನಕ್ಕೆ ಅರಿವಿಲ್ಲ ಎಂದರು.

ಹಾಸನೂರಿನ ಕಡೆಯ ಒಂದು ಹಾಡಿಯಲ್ಲಿ ಚೊಚ್ಚಲ ಬಸುರಿಯೊಬ್ಬಳಿದ್ದಳು. ಅವಳಿಗೆ ಬಿಪಿ ಸ್ವಲ್ಪ ಮೇಲಿತ್ತು. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಹಾಡಿಗೆ ಹೋದಾಗ ನಾನು, ತಲೆ ಸಿಡಿದರೆ, ಕಣ್ಣು ಮಂಜಾದರೆ ಒಂದು ಗಳಿಗೆಯೂ ನಿಲ್ಲದೆ ಬಂದುಬಿಡು ಎಂದು ಹೇಳಿ ಬಂದಿದ್ದೆ. ಅವಳು ಹೇಳಿದಂತೆಯೇ ಕೇಳಿದಳು. ತಲೆನೋವು ಬಂದ ಬೆಳಗ್ಗೆಯೇ ಮುದುಕಿ ಅತ್ತೆಯ ಜೊತೆ ಹೊರಟು ಬಂದಳು. ಬಾಗಿಲು ಮುಚ್ಚಿತ್ತು. ಇಬ್ಬರೂ ರಸ್ತೆಯಾಚೆ ಹುಣಸೆಮರದ ಕೆಳಗೆ ಕೂತರು.

ನಾನು ಒಳಗೇ ಇದ್ದೆ, ಕೂತಲ್ಲಿಂದ ಈಗ ಹೊರಗಿನದು ಕಾಣುತ್ತಿರಲಿಲ್ಲ. ಎಸಿ ಚಳಿಗೆ ಶಾಲು ಹೊದ್ದು, ಇವತ್ತು ಯಾರೂ ಬರಲಿಲ್ಲ ಎಂದುಕೊಂಡು ಕೂತಿದ್ದೆ. ಮಧ್ಯಾಹ್ನ ಊಟಕ್ಕೆಂದು ಹೊರಗೆ ಬಂದಾಗ ಮುದುಕಿ ಕೂಗಿಕೊಂಡಳು. ಓಡಿ ಹೋಗಿ ನೋಡಿದರೆ ಹುಡುಗಿಗೆ ಫಿಟ್ಸ್ ಶುರುವಾಗಿತ್ತು. ಇಂಜೆಕ್ಷನ್ ಕೊಟ್ಟು, ಜೀಪಿಗೆ ಹಾಕಿಕೊಂಡು, ಗಡಿ ದಾಟಿ ಚಾಮರಾಜನಗರಕ್ಕೆ ಹೊರಟೆವು. ದಾರಿಯಲ್ಲಿ ತಡೆಯಲಾರದೆ ಮುದುಕಿಯನ್ನು ಕೇಳಿದೆ.

"ಯಾಕವ್ವ ಒಳಕ ಬರ್ನಿಲ್ಲ?"

"ಬಾಗ್ಲು ಆಕಿತ್ತಲ್ಲವ್ವ. ಒಳಗ ಯಾರ್ಗೋ ಏನೋ ಆಗದ, ಅದ್ಕ ಮುಚ್ಚವ್ರ ಅಂದ್ಕಂಡೊ. ಅಂಥ ಒತ್ನಲ್ಲಿ ನುಗ್ಗಾದಾ? ನೀನೇ ಕರೀತೀಯ ಅಂತ ಕೂತಿದ್ದೊ."

ಹುಡುಗಿ ಉಳಿದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು.

ಟ್ರಸ್ಟಿನವರು ಮತ್ತೆ ಮೀಟಿಂಗ್ ಕರೆದರು. ಇಂಜಿನಿಯರು ಫೋನಿನಲ್ಲಿ ಸಲಹೆ ಕೊಟ್ಟ. ಬಾಗಿಲಿಗೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ 'ತಳ್ಳಿ' ಎಂದು ಸ್ಟಿಕ್ಕರ್ ಅಂಟಿಸುವುದು ಎಂದಾಯಿತು. ಒಂದು ಕೂಸು ಸತ್ತದ್ದಕ್ಕೆ ಒಂದು ಸ್ಟಿಕ್ಕರು! ಅದೂ ಓದು ಬಾರದ ಮುದುಕಿಗೆ, ಬರದ ಎರಡು ಭಾಷೆಯಲ್ಲಿ. ನಾನು ಬಾಯಿಗೆ ಬಂದಂತೆ ಬೈದೆ. ಸಿಸ್ಟರ್, ಭಾವನೆ ಬೇಡ ಎಂದರು. ಮಾರನೆಯ ದಿನ ಮನೆಯಿಂದ ಒಂದು ಗುಂಡುಕಲ್ಲು ತಂದು ಬಾಗಿಲಿಗೆ ಒರಗಿಸಿ, ಹಾರು ಹೊಡೆದಂತೆ ತೆಗೆದಿಟ್ಟೆ. ಎಸಿ ಪೋಲಾಗುತ್ತದೆ ಎಂದರು. ಆಗಲಿ ಎಂದೆ. ಅವತ್ತಿನಿಂದ ಬರುವವರು ಒಬ್ಬೊಬ್ಬರಾಗಿ ಹೆಚ್ಚಿದರು. ಅದನ್ನು ಯಾರೂ ಮೀಟಿಂಗಿನಲ್ಲಿ ಹೇಳಲಿಲ್ಲ.

ಈಗ ಆ ಹುಡುಗಿ ಮತ್ತೆ ಬಸುರಿ. ಮೊನ್ನೆ ಹಾಡಿಗೆ ಹೋಗಿ ಅವಳ ಗುಡಿಸಿಲ ಮುಂದೆ ಕೂತೆ. ಬಿಪಿ ನೋಡಿದೆ. ಈ ಸಲ ಧೈರ್ಯವಾಗಿ ಬಾ ಎಂದು ಹೇಳಿದೆ.

"ಈಗ ಬಾಗ್ಲು ತಗ್ದೇ ಇರ್ತದ ಕಣವ್ವ. ನಾನೇ ಕಲ್ಲಿಟ್ಟಿವ್ನಿ. ನಮ್ ಆಸ್ಪತ್ರಗೇ ಬಾ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದಳು. "ನೀನಿದ್ದಾಗ ತಗ್ದಿರ್ತದ ಕಣಕ್ಕ. ನೀನಿಲ್ದಿದ್ ದಿನ?"

ನನ್ನ ರಜೆಯ ದಿನ ವಾಚ್‌ಮನ್ ಕಲ್ಲು ಸರಿಸಿ ಬಾಗಿಲು ಮುಚ್ಚುತ್ತಾನೆ. ಅವನಿಗೆ ಹಾಗೇ ಹೇಳಿಟ್ಟಿದ್ದಾರೆ. ಅದು ಅವಳಿಗೆ ಗೊತ್ತಿರಲು ಸಾಧ್ಯವಿಲ್ಲ, ಆದರೂ ಸರಿಯಾದದ್ದನ್ನೇ ಕೇಳಿದಳು. ಕಟ್ಟಡ ಕಟ್ಟಿದವನನ್ನು ಕೇಳಬೇಕಾದದ್ದನ್ನು ನನ್ನನ್ನು ಕೇಳಿದಳು. ಚಾಮರಾಜನಗರಕ್ಕೇ ಹೋಗು, ದಿನ ಹತ್ತಿರ ಬರುವ ಮೊದಲೇ ಹೋಗಿ ಅಲ್ಲೇ ಇರು ಎಂದೆ. ನಮ್ಮ ಆಸ್ಪತ್ರೆಗೆ ಬರಬೇಡ ಎಂದು ನನ್ನ ಬಾಯಿಂದಲೇ ಹೇಳಿ ಎದ್ದು ಬಂದೆ.